ಸಂದರ್ಶನದಿಂದ ಎದ್ದು ಹೋದವರು

ಅವಳು ಒಳಗೆ ಕಾಲಿಟ್ಟಳು. ಅವರು ಎದ್ದು ನಿಂತರು!

ಕಾನೂನು ಕಾಲೇಜಿನ ಪ್ರವೇಶ ಸಂದರ್ಶನ. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಪ್ರಾಂಶುಪಾಲೆ, ಎಡಕ್ಕೆ ಒಬ್ಬ ವೃದ್ಧ ವಕೀಲರು, ಬಲಕ್ಕೆ... ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ, ಇದೇ ಕಾಲೇಜಿನ ಯುವ ಮೇಷ್ಟ್ರು. ದಿನವೂ ಮುಂಜಾನೆ ಮೆಟ್ಟಿಲ ಮೇಲೆ ಕೂತು, ಪ್ರಶ್ನೆ ಕೇಳಿ ಕೇಳಿ ಅವಳನ್ನು ಅಣಿಗೊಳಿಸಿದವರು. "ಹೆದರ್ಬೇಡ, ನಾನು ಒಳಗೇ ಇರ್ತೀನಿ" ಎಂದು ಮಾತು ಕೊಟ್ಟವರು.

ಈಗ ಎದ್ದು ನಿಂತ ಆ ಮೇಷ್ಟ್ರು ಪ್ರಾಂಶುಪಾಲೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಆಕೆ ಹುಬ್ಬೇರಿಸಿ ಏನೋ ಕೇಳಿದರು. ಅದಕ್ಕೂ ಮೆಲ್ಲನೆ ಉತ್ತರಿಸಿ, ಆಕೆ ತಗ್ಗಿದ ದನಿಯಲ್ಲಿ ಗದರಿದ್ದನ್ನು ಕೇಳಿಸಿಕೊಂಡು, ಅವಳತ್ತ ಕಣ್ಣೆತ್ತಿಯೂ ನೋಡದೆ ಹೊರಗೆ ಹೋಗಿಬಿಟ್ಟರು.

ಅವರು ಹೋದ ಬಾಗಿಲನ್ನೇ ಅವಳು ನೋಡಿದಳು. 'ದರ್ಜಿಯ ಮಗಳು ಪರಿಚಯ ಅನ್ನೋಕೆ ನಾಚಿಕೆಯಾಯ್ತೇ? ನಡುನೀರಲ್ಲಿ ಕೈಬಿಟ್ಟರಲ್ಲ, ದೇವರೇ!'

ನಂಬಿದವರು ಕೈಬಿಟ್ಟ ನೋವನ್ನು ಭಗವಂತ ಶತ್ರುವಿಗೂ ಕೊಡಬಾರದು.

"ಕೂತ್ಕೊಳಮ್ಮ. ಕಾನೂನು ಯಾಕೆ ಓದ್ಬೇಕು ನಿನಗೆ?" ಎಂದರು ಪ್ರಾಂಶುಪಾಲೆ.

ಕಲಿತದ್ದೆಲ್ಲ ಮರೆತೇಹೋಗಿತ್ತು.

"ಮಾತು ಕೊಟ್ಟು ತಪ್ಪೋರನ್ನ ಕಟಕಟೆ ಹತ್ತಿಸೋಕೆ, ಮೇಡಂ!"

ವಕೀಲರು ನಕ್ಕರು. "ಹಾಗಾದ್ರೆ ನಮ್ಮ ಕಸುಬಿನೋರು ಅರ್ಧ ಜನ ಒಳಗೆ!"

ಅವಳಿಗೆ ನಗು ಬರಲಿಲ್ಲ. ಆ ಕೋಪದಲ್ಲೇ, ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸಿ ಹೊರಬಂದಳು. ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಹೇಗಾಯ್ತು?"

"ನಿಮಗ್ಯಾಕೆ? ಗೊತ್ತೇ ಇಲ್ಲದವರ ಹಾಗೆ ಎದ್ದು ಹೋದ್ರಲ್ಲ!"

"ಗೊತ್ತಿದ್ದರಿಂದಲೇ ಎದ್ದೆ... ಬಂದೋರು ಸಂಬಂಧಿಕರಾದ್ರೆ ನಾವು ಅಲ್ಲಿ ಕೂರಬಾರ್ದು ಅಂತ ನಿಯಮ. ಅದು ನನಗಲ್ಲ ಅಂದ್ಕೊಂಡಿದ್ದೆ. ನೀನು ಬಾಗಿಲಲ್ಲಿ ನಿಂತೆ ನೋಡು... ನಿನಗೆ ಅಂಕ ಹಾಕೋ ಯೋಗ್ಯತೆ ನನಗಿಲ್ಲ ಅನ್ನಿಸ್ತು. ನನ್ನ ಮನಸ್ಸು ಆಗಲೇ ನಿನ್ನ ಪಕ್ಷ ಸೇರಿತ್ತು."

"ನಾವೆಲ್ಲಿಯ ಸಂಬಂಧಿಕರು?"

"ಮೇಡಂ ಕೂಡ ಅದನ್ನೇ ಕೇಳಿದ್ರು, ಏನು ಸಂಬಂಧ ಅಂತ. 'ಇನ್ನೂ ಆಗಿಲ್ಲ, ಆಗಲಿ ಅಂತ ಆಸೆ' ಅಂದೆ."

ಅವಳ ಕಣ್ಣು ತುಂಬಿತು. ಕೋಪ ಮಾತ್ರ ಪೂರ್ತಿ ಇಳಿದಿರಲಿಲ್ಲ.

"ನನಗೆ ಹೇಳೋ ಮೊದಲೇ ಅವರಿಗೆ ಹೇಳಿದ್ರಾ? ಇದೂ ಮೋಸಾನೇ!"

"ತಪ್ಪಾಯ್ತು. ಅವರೂ ಬೈದ್ರು."

"ಏನಂತ?"

"'ಮೊದಲು ಹೋಗಿ ಅವಳನ್ನ ಕೇಳ್ರೀ' ಅಂತ."

ಅವಳು ಕಣ್ಣೊರೆಸಿಕೊಂಡು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮತ್ತೆ... ಕೇಳಿ."