ಹವಳಕ್ಕೆ ಮದ್ದು ಎರೆದವರು

ಶಾನವಾಝ್ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಒಂದು ಕೈ ಮೈಯಡಿಗೆ ಸಿಕ್ಕಿತ್ತು. ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಮೇಲಿನ ಕೋಣೆಯಿಂದ ಪಂಪಿನ ಸಣ್ಣ ಸದ್ದು ಕೇಳುತ್ತಿತ್ತು. ಆ ಮನೆಯಲ್ಲಿ ಜೀವ ಉಳಿದಿದ್ದದ್ದು ಅಲ್ಲಿ ಮಾತ್ರ.

ಸೋಮವಾರ ಬೆಳಿಗ್ಗೆ ಇದನ್ನು ಮೊದಲು ಕಂಡವನು ಅವನ ಗೆಳೆಯ ಜಾಸಿರ್. ಇಬ್ಬರೂ ಶಾರ್ಜಾದ ಒಂದೇ ಅಕ್ವೇರಿಯಂ ಅಂಗಡಿಯಲ್ಲಿ ಹಲವು ವರ್ಷ ದುಡಿದವರು. ಫೋನ್ ಎತ್ತಲಿಲ್ಲವೆಂದು ಜಾಸಿರ್ ಕುಂಬ್ರದ ಆ ಮನೆಗೆ ಬಂದಿದ್ದ. ಬಾಗಿಲಿಗೆ ಬೀಗ ಬಿದ್ದಿತ್ತು. ತನ್ನಲ್ಲಿದ್ದ ಕೀಲಿಯಿಂದ ತೆರೆದಿದ್ದ.

ಸಬ್ ಇನ್ಸ್‌ಪೆಕ್ಟರ್ ಅಪೇಕ್ಷಾ ಬಂದಾಗ ಅವನು ಅಂಗಳದಲ್ಲಿ ಕೂತು ಅಳುತ್ತಿದ್ದ.

"ಕಾಲು ಜಾರಿದ್ದು ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ದೇವದಾಸ. "ಮೇಲೆ ಮೀನಿನ ಟ್ಯಾಂಕ್ ಉಂಟು. ನೀರು ಚೆಲ್ಲಿರ್ಬೇಕು."

ಅಪೇಕ್ಷಾ ಶವದ ಬಲಗೈ ನೋಡಿದಳು. ಮಣಿಕಟ್ಟಿನ ಸುತ್ತ ನೀಲಿಗಟ್ಟಿದ ಬೆರಳ ಗುರುತು.

"ಜಾರುವವನ ಕೈಯನ್ನು ಯಾರೋ ಹಿಡಿದಿದ್ರು ದೇವದಾಸ."

ಮೆಟ್ಟಿಲು ಒಣಗಿತ್ತು. ಅವಳು ಜಾಸಿರನನ್ನು ಕರೆದುಕೊಂಡು ಮೇಲೆ ಹತ್ತಿದಳು.

ಕೋಣೆಯ ಒಂದು ಗೋಡೆಯಷ್ಟು ಉದ್ದದ ಗಾಜಿನ ಟ್ಯಾಂಕ್. ಒಳಗೆ ಹವಳದ ತೋಟ. ಹಸಿರು, ನೇರಳೆ, ಕಿತ್ತಳೆ. ಕಾಗದಪತ್ರ ಸಮೇತ ಹೊರದೇಶದಿಂದ ತರಿಸಿದ್ದು ಎಂದ ಜಾಸಿರ್. ಆದರೆ ಕೊಂಬೆಗಳು ಬಾಡಿದಂತಿದ್ದವು. ಮರಳಿನ ಮೇಲೆ ಬಿಳಿ ಹುಡಿ ಕೂತಿತ್ತು. ಪಂಪಿನ ಮೈಗೂ ಬಿಳಿ ಪದರ ಹತ್ತಿತ್ತು.

"ಇದೆಂತ?"

ಜಾಸಿರ್ ಹತ್ತಿರ ಬಗ್ಗಿ ನೋಡಿದ. ಮುಖ ಬದಲಾಯಿತು. "ಯಾರೋ ಎರಡನ್ನೂ ಒಟ್ಟಿಗೆ ಹಾಕಿದ್ದಾರೆ ಮೇಡಂ."

"ಎರಡನ್ನೂ ಅಂದ್ರೆ?"

"ಹವಳಕ್ಕೂ ಎಲುಬು ಉಂಟು. ನೀರಿನಿಂದ ಕ್ಯಾಲ್ಸಿಯಂ, ಆಲ್ಕಲಿನಿಟಿ ಅಂದ್ರೆ ಕ್ಷಾರ, ಎರಡನ್ನೂ ಎಳ್ಕೊಂಡು ಅದನ್ನು ಕಟ್ಟಿಕೊಳ್ಳುದು. ಅದು ಎಳ್ಕೊಂಡಷ್ಟನ್ನು ನಾವು ದಿನಾ ವಾಪಸ್ ಹಾಕ್ಬೇಕು." ಅವನು ಕಪಾಟಿನ ಎರಡು ಬಾಟಲಿ ತೋರಿಸಿದ. "ಶಾನು ಇದಕ್ಕೆ ಮದ್ದು ಅಂತಿದ್ದ. ಇದು ಕ್ಯಾಲ್ಸಿಯಂ, ಅದು ಆಲ್ಕಲಿನಿಟಿದು. ಒಂದು ಹಾಕಿ, ಅದು ನೀರಲ್ಲಿ ಪೂರ್ತಿ ಬೆರೆತ ಮೇಲೆಯೇ ಇನ್ನೊಂದು. ಒಟ್ಟಿಗೆ ಸೇರಿಸಿದ್ರೆ ಎರಡೂ ಸೀಮೆಸುಣ್ಣ ಆಗಿಬಿಡ್ತದೆ. ಹವಳಕ್ಕೆ ಎಂತದೂ ಸಿಗುದಿಲ್ಲ."

"ಶಾನವಾಝ್ ಮರೆತು ಹಾಗೆ ಮಾಡಿರ್ಬಹುದಾ?"

"ಊಟ ಮರೀತಿದ್ದ. ಇದನ್ನು ಮರೀತಿರ್ಲಿಲ್ಲ."

ಬಾಟಲಿಗಳ ಪಕ್ಕ ಎರಡು ಅಳತೆ ಲೋಟಗಳಿದ್ದವು. ಒಂದು ಒಣಗಿ ಸ್ವಚ್ಛವಾಗಿತ್ತು. ಇನ್ನೊಂದರ ಒಳಗೆ ದಪ್ಪ ಬಿಳಿ ಲೇಪ. ಯಾರೋ ಒಂದೇ ಲೋಟಕ್ಕೆ ಎರಡನ್ನೂ ಹೊಯ್ದಿದ್ದರು.

"ನೀನು ಬರುವಾಗ ಟ್ಯಾಂಕಿನ ನೀರು ಹೇಗಿತ್ತು?"

"ಈಗಿನ ಹಾಗೆಯೇ. ಕನ್ನಡಿಯ ಹಾಗೆ."

*

ಮರಣೋತ್ತರ ಪರೀಕ್ಷೆಯ ವರದಿ ಬಂತು. ಶಾನವಾಝ್ ಸತ್ತದ್ದು ಶನಿವಾರ ರಾತ್ರಿ. ಆದರೆ ಬಿದ್ದ ಕೂಡಲೇ ಅಲ್ಲ. ತಲೆಯೊಳಗೆ ನಿಧಾನವಾಗಿ ರಕ್ತ ಸೋರಿತ್ತು. ಕೆಲವು ಗಂಟೆ ಜೀವವಿತ್ತು. ಆಸ್ಪತ್ರೆಗೆ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಇನ್ನೊಂದು ಸಂಗತಿಯೂ ಹೊರಬಿತ್ತು. ಟ್ಯಾಂಕಿಗೆ ಅಳವಡಿಸಿದ್ದ ಮಾಪಕದಲ್ಲಿ ನೀರಿನ ಗುಣ ಗೆರೆಯಾಗಿ ಮೂಡುತ್ತಿತ್ತು. ಆ ಗೆರೆ ದಿಢೀರನೆ ಹಾರಿದ್ದು ಭಾನುವಾರ ಬೆಳಿಗ್ಗೆ. ಅಂದರೆ ಶಾನವಾಝ್ ಸತ್ತ ಮೇಲೆ ಯಾರೋ ಬಂದು ಹವಳಕ್ಕೆ ಮದ್ದು ಎರೆದು, ಬೀಗ ಹಾಕಿಕೊಂಡು ಹೋಗಿದ್ದರು.

"ಜಾಸಿರನೇ ಮೇಡಂ," ಎಂದ ದೇವದಾಸ. "ಕೀಲಿ ಉಂಟು. ಶಾನವಾಝ್ ಪುನಃ ಶಾರ್ಜಾಕ್ಕೆ ಹೊರಟಿದ್ದನಂತೆ. ಟ್ಯಾಂಕ್ ಇವನಿಗೇ ಬಿಟ್ಟು ಹೋಗುದು ಅಂತ ಮಾತಾಗಿತ್ತು. ಕಳೆದ ವಾರ ಇಬ್ಬರೂ ಫೋನಲ್ಲಿ ಜೋರು ಜಗಳ ಮಾಡಿದ್ದಾರೆ."

ಜಾಸಿರ್ ಜಗಳವನ್ನು ಒಪ್ಪಿಕೊಂಡ. "ಹೋಗ್ಬೇಡ ಅಂತ ಬೈದದ್ದು ಹೌದು. ಊರಲ್ಲೇ ಒಟ್ಟಿಗೆ ಅಂಗಡಿ ಇಡುವ ಅಂತ ಇದ್ದೆವು."

ಅವನನ್ನು ಕಳುಹಿಸಿದ ಮೇಲೆ ಅಪೇಕ್ಷಾ ಹೇಳಿದಳು: "ಜಾಸಿರ್ ಅಲ್ಲ. ಅವನಾಗಿದ್ರೆ ಸರಿಯಾಗಿ ಹಾಕ್ತಿದ್ದ. ಬಂದು ಹೋದದ್ದು ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಬಂದವನಿಗೆ ದಿನಾ ಮದ್ದು ಹಾಕ್ಬೇಕು ಅಂತ ಗೊತ್ತಿತ್ತು. ಹೇಗೆ ಅಂತ ಗೊತ್ತಿರ್ಲಿಲ್ಲ."

"ಹೆಣ ದಾಟಿ ಹೋಗಿ ಅದಕ್ಕೆ ಮದ್ದು ಹಾಕುದಾ ಮೇಡಂ? ಯಾಕೆ?"

"ಅದು ಸಾಯ್ಬಾರ್ದು ಅಂತ. ಇನ್ನೊಂದು ಕೀಲಿ ಯಾರ ಹತ್ರ ಉಂಟು?"

ದೇವದಾಸ ವಿಚಾರಿಸಿ ಬಂದ. ಇನ್ನೊಂದು ಕೀಲಿ ನರಿಮೊಗರಿನಲ್ಲಿ, ಶಾನವಾಝನ ತಾಯಿ ಕದೀಜಮ್ಮನ ಮನೆಯಲ್ಲಿತ್ತು.

*

ಶಾನವಾಝನ ಮಯ್ಯತ್ ದಫನವಾದ ಮರುದಿನ ಅಪೇಕ್ಷಾ ದೇವದಾಸನೊಂದಿಗೆ ನರಿಮೊಗರಿಗೆ ಹೋದಳು. ಬಂದು ಹೋಗುವ ನೆಂಟರು ಕಡಿಮೆಯಾಗಿದ್ದರು. ಕದೀಜಮ್ಮ ಜಗಲಿಯ ಮೂಲೆಯಲ್ಲಿ ತಸ್ಬೀಹ್ ಮಣಿಸರ ಹಿಡಿದು ಕೂತಿದ್ದರು. ಕಿರಿಯ ಮಗ ಹಿಶಾಮ್ ಅವರ ಪಕ್ಕದಲ್ಲಿದ್ದ. ಇಪ್ಪತ್ತಾರರ ಹರೆಯ. ಕಣ್ಣು ಊದಿಕೊಂಡಿತ್ತು.

"ಅಣ್ಣನ ಮನೆಗೆ ಕೊನೆಗೆ ಯಾವಾಗ ಹೋದದ್ದು ಹಿಶಾಮ್?"

"ಪೆರ್ನಾಲ್ ಹಬ್ಬಕ್ಕೆ ಹೋದದ್ದು. ಮತ್ತೆ ಹೋಗ್ಲಿಲ್ಲ."

"ಅಣ್ಣ ಶಾರ್ಜಾಕ್ಕೆ ಹೊರಟದ್ದು ಗೊತ್ತಿತ್ತಾ?"

"ಗೊತ್ತಿತ್ತು."

ಕದೀಜಮ್ಮ ಮೆಲ್ಲಗೆ ಹೇಳಿದರು: "ಇವನ ಬಾಪ ತೀರಿಹೋಗುವಾಗ ಇವನಿಗೆ ಆರು ವರ್ಷ. ಅದೇ ವರ್ಷ ದೊಡ್ಡವನು ಗಲ್ಫಿಗೆ ಹೋದ. ಇವನನ್ನು ಅವನು ಫೋನಿನಲ್ಲೇ ಸಾಕಿದ್ದು."

ಅಪೇಕ್ಷಾ ಎದ್ದು ನಿಂತಳು. "ಹವಳಗಳ ಸ್ಥಿತಿ ಚೆನ್ನಾಗಿಲ್ಲ. ಜಾಸಿರ್ ನೋಡ್ಕೊಳ್ತಾ ಇದ್ದಾನೆ."

ಹಿಶಾಮ್ ತಲೆಯೆತ್ತಿದ. "ಸತ್ತುಹೋಗ್ತದಾ? ಆ ಹಾಲಿನ ಹಾಗೆ ಆದ ನೀರು ಬದಲಿಸಿದ್ರೆ ಸರಿಯಾಗುದಿಲ್ವಾ?"

ಅಪೇಕ್ಷಾ ಮತ್ತೆ ಕೂತಳು.

"ನೀರು ಹಾಲಿನ ಹಾಗೆ ಆದದ್ದನ್ನು ನಾವು ಯಾರೂ ನೋಡ್ಲಿಲ್ಲ ಹಿಶಾಮ್. ಸೋಮವಾರ ಜಾಸಿರ್ ಬರುವಾಗ ಬಿಳಿಯೆಲ್ಲ ಅಡಿಗೆ ಕೂತು ನೀರು ತಿಳಿಯಾಗಿತ್ತು. ಅದು ಹಾಲಿನ ಹಾಗೆ ಇದ್ದದ್ದು ಭಾನುವಾರ, ಮದ್ದು ಹಾಕಿದ ಹೊತ್ತಲ್ಲಿ. ಹಾಕಿದವರು ಮಾತ್ರ ಅದನ್ನು ನೋಡಿರ್ಬಹುದು." ಅವಳ ದನಿ ಏರಲಿಲ್ಲ. "ಮದ್ದು ಅಳೆದ ಲೋಟದಲ್ಲಿ ಬೆರಳಚ್ಚು ಉಂಟು. ಅಣ್ಣನದ್ದಲ್ಲ, ಜಾಸಿರನದ್ದೂ ಅಲ್ಲ."

ತಸ್ಬೀಹ್ ಎಣಿಸುತ್ತಿದ್ದ ಬೆರಳು ನಿಂತಿತು.

ಹಿಶಾಮನ ಮಾತು ತುಂಡು ತುಂಡಾಗಿ ಬಂತು.

"ಶನಿವಾರ ಮಧ್ಯಾಹ್ನ ಹೋದೆ. ಟ್ಯಾಂಕ್ ಜಾಸಿರನಿಗೆ ಅಂದ ಅಣ್ಣ. ನಾನಿದ್ದೇನಲ್ಲ, ನನಗೆ ಕಲಿಸು ಅಂದೆ. ನಿನಗೆ ಆಗ್ಲಿಕ್ಕಿಲ್ಲ ಅಂತ ನಗಾಡಿದ. ಹಾಗಾದ್ರೆ ಹೋಗ್ಲೇಬೇಡ ಅಂತ ಮೆಟ್ಟಿಲ ಮೇಲೆ ಕೈ ಹಿಡ್ಕೊಂಡೆ. ಅವನು ಎಳೆದ. ಪುನಃ ಎಳೆದ. ನನಗೆ ಸಿಟ್ಟು ಬಂತು." ಅವನು ತನ್ನ ಅಂಗೈ ನೋಡಿಕೊಂಡ. "ಬಿಟ್ಟುಬಿಟ್ಟೆ."

"ಮತ್ತೆ?"

"ಬಿದ್ದವನು ಅಲ್ಲಾಡ್ಲಿಲ್ಲ. ಕರೆದೆ. ಹೋಗಿಯೇಬಿಟ್ಟ ಅಂತ ಎಣಿಸಿದೆ. ಉಮ್ಮನಿಗೆ ಎಂತ ಹೇಳುದು? ಬಾಗಿಲು ಹಾಕಿ ಓಡಿದೆ. ಮರುದಿನ ಬೆಳಿಗ್ಗೆ... ಹವಳಗಳಿಗೆ ದಿನಾ ಮದ್ದು ಹಾಕ್ಬೇಕು ಅಂತ ಅಣ್ಣ ಹೇಳ್ತಿದ್ದ. ಅವನ ಮುಖ ನೋಡದೆ ಗೋಡೆ ಹಿಡ್ಕೊಂಡು ಮೇಲೆ ಹತ್ತಿದೆ. ಹಾಕಿದ ಕೂಡಲೇ ಎಲ್ಲ ಬೆಳ್ಳಗಾಯ್ತು. ಅವುಗಳನ್ನೂ ಕೊಂದೆ ಅನಿಸಿತು."

ಅಂಗಳದಲ್ಲಿದ್ದ ದೇವದಾಸ ಮುಖ ಬೇರೆ ಕಡೆ ತಿರುಗಿಸಿದ.

"ಅಣ್ಣ ಬಿದ್ದ ಕೂಡಲೇ ಹೋದ ಅಲ್ವಾ ಮೇಡಂ?" ಎಂದ ಹಿಶಾಮ್. "ನೋವಾಗ್ಲಿಲ್ಲ ಅಲ್ವಾ?"

ಹೌದು ಎನ್ನುವುದು ಸುಲಭವಿತ್ತು. ಆದರೆ ನಾಳೆ ಕೋರ್ಟಿನಲ್ಲಿ ಅಪರಿಚಿತರ ನಡುವೆ ನಿಂತು ಅವನು ನಿಜವನ್ನು ಕೇಳಬೇಕಾಗುತ್ತಿತ್ತು.

"ಇಲ್ಲ ಹಿಶಾಮ್. ರಾತ್ರಿಯವರೆಗೆ ಜೀವ ಇತ್ತು. ನೀನು ಕೈ ಬಿಟ್ಟದ್ದಕ್ಕಾಗಿ ಮಾತ್ರ ನಾನು ಬಂದದ್ದಲ್ಲ. ನೀನು ಬಾಗಿಲು ಹಾಕಿ ಹೋದೆಯಲ್ಲ, ಅದಕ್ಕೆ ಬಂದೆ."

ಹಿಶಾಮನ ಬೆನ್ನು ಬಾಗುತ್ತಾ ಬಾಗುತ್ತಾ ಹಣೆ ನೆಲಕ್ಕೆ ತಾಗಿತು.

ಕದೀಜಮ್ಮ ಎದ್ದು ಒಳಗೆ ಹೋದರು. ಅವರು ಇನ್ನು ಹೊರಗೆ ಬರಲಿಕ್ಕಿಲ್ಲ ಎಂದುಕೊಂಡಳು ಅಪೇಕ್ಷಾ. ಬಂದರು. ಕೈಯಲ್ಲಿ ಒಂದು ಲೋಟ ನೀರು, ಇಸ್ತ್ರಿ ಹಾಕಿದ ಒಂದು ಅಂಗಿ. ಮಗನ ಪಕ್ಕ ಕೂತು, ಅವನ ತಲೆ ಎತ್ತಿ, ನೀರು ಕುಡಿಸಿದರು. ಬೆವರಿಗೆ ಒದ್ದೆಯಾದ ಅಂಗಿ ತೆಗೆಸಿ ಬೇರೆ ಹಾಕಿದರು. ಸಣ್ಣ ಮಗುವಿಗೆ ಹಾಕುವಂತೆ ಒಂದೊಂದೇ ಗುಂಡಿ ಹಾಕಿದರು.

"ಹೋಗು ಮೋನೆ," ಎಂದರು. "ಎಲ್ಲ ಸರಿಯಾಗಿ ಹೇಳು."

ಜೀಪು ಗೇಟು ದಾಟುವವರೆಗೆ ಅವರು ಜಗಲಿಯಲ್ಲಿ ನಿಂತೇ ಇದ್ದರು. ಆಮೇಲೆ ಬಗ್ಗಿ, ಮಗ ಕಳಚಿದ ಅಂಗಿಯನ್ನು ಎತ್ತಿಕೊಂಡು ಮುಖಕ್ಕೆ ಒತ್ತಿಕೊಂಡರು.