ಹಡಪಿಗನ ಆಯ್ಕೆ

ಶರದೃತುವಿನ ಆ ಪ್ರಾತಃಕಾಲದಲ್ಲಿ ಸೋಮಾವತಿ ಪಟ್ಟಣವು ಎಂದಿನಂತೆಯೇ ಕಂಗೊಳಿಸುತ್ತಿತ್ತು. ಕೋಟೆಯ ಮೂಡಣ ಬಾಗಿಲಿನಿಂದ ಪಟ್ಟದಾನೆಯು ಘಂಟಾನಾದದೊಡನೆ ಹೊಳೆಗೆ ಇಳಿಯುತ್ತಿತ್ತು. ಹೂವಾಡಗಿತ್ತಿಯರು ಸೇವಂತಿಗೆಯ ರಾಶಿಗಳ ಹಿಂದೆ ಮುಖ ಮಾತ್ರ ಕಾಣುವಂತೆ ಕುಳಿತು ಗಿರಾಕಿಗಳೊಡನೆ ಚೌಕಾಸಿಗೆ ಇಳಿದಿದ್ದರು. ಅರಮನೆಯೊಳಗೆ ಮಾತ್ರ ಯಾರೂ ಯಾರನ್ನೂ ನಂಬದ ಕಾಲ ಬಂದಿತ್ತು. ತರುಣ ದೊರೆ ವೀರಭೂಪನಿಗೆ ತಾಂಬೂಲ ಮಡಿಸಿಕೊಡುವ ಸೇವಕನಾದ ಹಡಪಿಗನು ವಿಷದ ವೀಳ್ಯಕ್ಕೆ ಬಲಿಯಾಗಿದ್ದ. ದೊರೆಗೆ ಕೊಡುವ ಮೊದಲು ಅದೇ ಕರಂಡಕದ, ಎಂದರೆ ತಾಂಬೂಲದ ಪೆಟ್ಟಿಗೆಯ, ವೀಳ್ಯವನ್ನು ತಾನು ಮೆಲ್ಲಬೇಕೆಂಬುದು ಆ ಹುದ್ದೆಯ ಕಟ್ಟಳೆ. ದೊರೆಯ ಚಿಕ್ಕಪ್ಪ ಕೊಮ್ಮರಸನ ಮೇಲೆ ಎಲ್ಲರಿಗೂ ಗುಮಾನಿ. ಬಾಯಿ ಬಿಡಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ಹೊಸ ಹಡಪಿಗನನ್ನು ಆರಿಸುವ ಹೊಣೆ ಮಹಾಪ್ರಧಾನ ಸಿಂಗಿದೇವನದು. ಈ ವೃದ್ಧನ ಪರೀಕ್ಷೆಯ ರೀತಿಯೇ ವಿಚಿತ್ರ. ಕುಲ, ಶಾಸ್ತ್ರ, ಶಸ್ತ್ರ ಒಂದನ್ನೂ ವಿಚಾರಿಸುತ್ತಿರಲಿಲ್ಲ. ಭಂಡಾರದ ಅಧಿಕಾರಕ್ಕೆ ಬಂದವನನ್ನು ‘ನಿನಗೆ ಕಡೆಯ ಸಲ ನಾಚಿಕೆಯಾದದ್ದು ಯಾವಾಗ?’ ಎಂದು ಕೇಳಿ ಸಭೆಯನ್ನೇ ನಗಿಸಿದ್ದ ಪುಣ್ಯಾತ್ಮ. ಕಂಠಪಾಠ ಮಾಡಿಬಂದ ಉತ್ತರದಲ್ಲಿ ಮನುಷ್ಯ ಕಾಣುವುದಿಲ್ಲವೆಂಬುದು ಅವನ ವಾದ.

ಅಂದು ಆಯ್ಕೆಗೆ ಬಂದವರು ಮೂವರು. ಎಲ್ಲರಿಗೂ ಒಂದೇ ಪ್ರಶ್ನೆಯೆಂದು ಸಾರಿ, ಒಬ್ಬೊಬ್ಬರನ್ನೇ ಸಭೆಗೆ ಕರೆಸಿ ಅವನು ಕೇಳಿದ:

“ನಿಮ್ಮ ಮನೆಯಲ್ಲಿ ಅನ್ನ ಸೀದ ದಿನ, ತಳ ಹಿಡಿದದ್ದನ್ನು ಉಣ್ಣುವವರು ಯಾರು?”

“ನಮ್ಮ ಮನೆಯಲ್ಲಿ ಅನ್ನ ಸೀಯುವುದೇ ಇಲ್ಲ, ಪ್ರಧಾನರೇ,” ಎಂದು ಮೊದಲನೆಯವನು ಎದೆ ಉಬ್ಬಿಸಿದ.

“ಆಳುಗಳಿಗೆ ಹಾಕಿಸುತ್ತೇವೆ,” ಎಂದ ಎರಡನೆಯವನು. ಅವನು ಕೊಮ್ಮರಸನ ಕಡೆಯವನು.

ಮೂರನೆಯವನು ಒಳಗೆ ಬಂದಾಗ ಸಿಂಗಿದೇವನು ಪೀಠದಿಂದ ಅರ್ಧ ಎದ್ದ. ಬಂದವನು ಅವನ ಅಳಿಯ, ರಾವುತ ಕೇತರಸ. ಸತ್ತ ಹಡಪಿಗ ಕೇತರಸನ ಬಾಲ್ಯದ ಗೆಳೆಯನಾಗಿದ್ದ. ಆ ದುಃಖದಲ್ಲಿ ಮನೆಯಲ್ಲಿ ಯಾರಿಗೂ ಹೇಳದೆ ಬಂದುಬಿಟ್ಟಿದ್ದ.

ಅಳಿಯನ ಉತ್ತರ ಏನೆಂದು ಸಿಂಗಿದೇವನಿಗೆ ಗೊತ್ತಿತ್ತು. ಮಗಳು ಪದುಮಲೆ ಹಬ್ಬಕ್ಕೆ ಬಂದಾಗ ಅನ್ನ ಸೀದಾಗಿನ ಗಂಡನ ಚಾಳಿಯನ್ನು ಹೇಳಿಕೊಂಡು ನಕ್ಕಿದ್ದಳು. ಪ್ರಶ್ನೆ ಬದಲಿಸಿ ರಾಜವಂಶಾವಳಿ ಕೇಳಿದರೆ ಸಾಕು, ಕುದುರೆ ಬಿಟ್ಟು ಬೇರೇನೂ ಅರಿಯದ ಈತ ತಡವರಿಸಿ ಜೀವಸಹಿತ ಮನೆಗೆ ಹೋಗುತ್ತಿದ್ದ. ಆದರೆ ಬಡಾಯಿಯ ಮೊದಲನೆಯವನು ನಂಬಿಕೆಗೆ ಯೋಗ್ಯನಲ್ಲ; ಆಗ ದೊರೆಯ ತಾಂಬೂಲದ ಚೀಲವಾದ ಹಡಪವು ಕೊಮ್ಮರಸನ ಆಳಿನ ಕೈ ಸೇರುತ್ತಿತ್ತು. ಸಿಂಗಿದೇವನು ಸಿಂಹಾಸನದತ್ತ ನೋಡಿದ. ಇನ್ನೂ ಮೀಸೆ ಬಲಿಯದ ದೊರೆ ಅವನನ್ನೇ ನಂಬಿ ಕುಳಿತಿದ್ದ.

ಸಿಂಗಿದೇವನು ಅದೇ ಪ್ರಶ್ನೆಯನ್ನು ಕೇಳಿದ.

“ನಾನು ಉಣ್ಣುತ್ತೇನೆ, ಪ್ರಧಾನರೇ,” ಎಂದ ಕೇತರಸ.

“ಏಕೆ?”

“ನಾನು ಉಣ್ಣದಿದ್ದರೆ ಅವಳು ಉಣ್ಣುತ್ತಾಳೆ. ಅದನ್ನು ನೋಡಿಕೊಂಡಿರಲು ನನ್ನಿಂದಾಗದು.”

ಸಭೆ ಗೊಳ್ಳೆಂದು ನಕ್ಕಿತು. “ಇವನೇ ಹಡಪಿಗ,” ಎಂದ ಸಿಂಗಿದೇವ.

ಮಹಾನವಮಿಯ ಓಲಗದಲ್ಲಿ, ಸಾಮಂತರೆಲ್ಲರ ಸಮ್ಮುಖದಲ್ಲಿ, ಕೇತರಸನು ಕಟ್ಟಳೆಯಂತೆ ಮೊದಲ ವೀಳ್ಯ ಮೆದ್ದ. ದೊರೆ ಕೈ ಚಾಚುವಷ್ಟರಲ್ಲಿ ಅವನ ನಾಲಗೆ ಮರಗಟ್ಟಿತ್ತು. “ಬೇಡ, ಪ್ರಭು!” ಎಂದು ತೊದಲಿ ಕರಂಡಕವನ್ನು ನೆಲಕ್ಕೆ ಬಡಿದು ಅಲ್ಲಿಯೇ ಕುಸಿದ. ವೈದ್ಯರು ಧಾವಿಸಿದರೂ ಪ್ರಯೋಜನವಾಗಲಿಲ್ಲ.

ದೊರೆಯು ಚೆಲ್ಲಿದ್ದ ವೀಳ್ಯವೊಂದನ್ನು ಎತ್ತಿಕೊಂಡು ಚಿಕ್ಕಪ್ಪನ ಮುಂದೆ ಹಿಡಿದ. “ನನ್ನ ಕರಂಡಕದ ತಾಂಬೂಲವಿಲ್ಲದೆ ತಾವು ಎಂದೂ ಓಲಗದಿಂದ ಏಳುವವರಲ್ಲ, ಚಿಕ್ಕಪ್ಪಾಜಿ; ಇಂದು ಮಾತ್ರ ವೀಳ್ಯ ಬರುವ ಮೊದಲೇ ಏಕೆ ಎದ್ದಿರಿ? ದಯಮಾಡಿ ಸ್ವೀಕರಿಸಿ.”

ಕೊಮ್ಮರಸ ಬಿಳಿಚಿಕೊಂಡು ಹಿಂದೆ ಸರಿದ. ಬಾಗಿಲಿನತ್ತ ಓಡಿದವನನ್ನು ಕಾವಲಿನವರು ಹಿಡಿದರು. ರಾಜ್ಯ ಉಳಿಯಿತು.

ಶವವನ್ನು ಮನೆಗೆ ತಂದವನು ಸಿಂಗಿದೇವನೇ. ಪದುಮಲೆ ಗಂಡನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

“ಅಪ್ಪಯ್ಯ, ನಿಮ್ಮಲ್ಲಿ ಬೇರೆ ಪ್ರಶ್ನೆ ಇರಲಿಲ್ಲವೇ?”

“ಇತ್ತು, ಮಗಳೇ. ನಾಲಗೆಯ ತುದಿಯಲ್ಲೇ ಇತ್ತು.”

“ಹಾಗಾದರೆ ತಿಳಿದೂ ಇವರನ್ನು ಆರಿಸಿದಿರಿ.”

“ತಿಳಿದೇ ಆರಿಸಿದೆ. ದೊರೆಯ ಬಳಿ ನಿಲ್ಲಿಸಲು ಇವನಿಗಿಂತ ಒಳ್ಳೆಯವನು ನನಗೆ ಸಿಗಲಿಲ್ಲ.”

ಅಷ್ಟು ಹೇಳಿ ಮುದುಕನು ಮಗಳ ಕಾಲ ಬಳಿ ಕುಸಿದು ಕುಳಿತು, ಎರಡು ಕೈಗಳಲ್ಲೂ ಮುಖ ಮುಚ್ಚಿಕೊಂಡು ಅತ್ತ. ಪದುಮಲೆ ಅವನನ್ನು ಎಬ್ಬಿಸಲಿಲ್ಲ.