ಹಸನಬ್ಬರ ಅಂಗಡಿಯ ಹಿಂದಿನ ಕೋಣೆ

ಇರಾಕಿನ ಸೈನ್ಯ ನುಗ್ಗಿದಾಗ ಖಾಲಿಯಾದ ಫೈಲಕ ದ್ವೀಪದ ಹಳೇ ಊರನ್ನು ನೋಡಲು ಕುವೈತಿನಿಂದ ಜನ ದೋಣಿಯಲ್ಲಿ ಹೋಗುತ್ತಾರೆ. ೨೦೦೬ರ ಜುಲೈಯಲ್ಲಿ ನಾನೂ ಗೆಳೆಯ ಬಾಸಿತನೂ ಹೋದದ್ದು ಅವನ ಅಪ್ಪ, ಅವನ ಬಾಯಲ್ಲಿ 'ಉಪ್ಪ', ಹಸನಬ್ಬರಿಗಾಗಿ. ಅಲ್ಲಿ ಅಂಗಡಿ ಇಟ್ಟಿದ್ದ ಅವರು ೧೯೯೦ರ ಆ ದಾಳಿಯಲ್ಲಿ ಕಾಣೆಯಾಗಿದ್ದರು. "ಸತ್ತಿದ್ದಾರೆ ಅಂತ ಖಚಿತ ಆದ್ರೆ ಹೇಳು, ವಿಧವೆಯಾಗಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂತುಬಿಡ್ತೇನೆ" ಎಂದಿದ್ದರು ಊರಿನಿಂದ ಅವನ ಉಮ್ಮ.

ಅಂಗಡಿಯ ಗೋಡೆ ತುಂಬ ಗುಂಡಿನ ತೂತು.

"ಉಪ್ಪಾ, ಎರಡು ಸುಲೈಮಾನಿ ಚಾ!" ಬಾಸಿತ್ ಕೂಗಿದ.

"ಸುಮ್ನಿರು ಮಾರಾಯ" ಎಂದೆ.

ಹಿಂದಿನ ಕೋಣೆ ತಂಪಾಗಿತ್ತು. ನಲ್ಲಿಯ ಪೈಪನ್ನು ಯಾರೋ ಎಂದೋ ಕಿತ್ತೊಯ್ದಿದ್ದರು. ಆದರೂ ಅದರ ಕೆಳಗೆ ಸಿಮೆಂಟು ಒದ್ದೆಯಾಗಿತ್ತು. ಅಲ್ಲಿಂದ ಬರಿಗಾಲಿನ ಒದ್ದೆ ಗುರುತುಗಳು, ಕೈಕಾಲು ತೊಳೆದು ವುಝೂ ಮಾಡಿ ನಮಾಝಿಗೆ ಹೊರಟವರದ್ದಂತೆ, ಮಕ್ಕಾದ ದಿಕ್ಕಿಗಿದ್ದ ಕಿಬ್ಲಾ ಗೋಡೆಯವರೆಗೆ ಹೋಗಿದ್ದವು. ವಾಪಸು ಬಂದ ಗುರುತಿರಲಿಲ್ಲ.

ಹೊರಗೆ ಬಿಸಿಲಿನಲ್ಲಿ ನಾವು ಚೆಲ್ಲಿದ ಬಾಟಲಿ ನೀರು ಕಣ್ಣೆದುರೇ ಆರಿಹೋಗಿತ್ತು. ಒಳಗೆ ಕೂತು ನೋಡಿದೆವು. ದೋಣಿಯ ಹಾರ್ನ್ ಕೇಳುವವರೆಗೂ ಆ ಗುರುತುಗಳು ಆರಲಿಲ್ಲ.

ದೋಣಿಯಲ್ಲಿದ್ದಾಗ ಉಮ್ಮನ ಫೋನ್ ಬಂತು. "ಏನಾಯ್ತು ಮಗಾ?"

ಬಾಸಿತ್ ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ.

"ಈಗಲೇ ಇದ್ದತ್ ಕೂರೋದು ಬೇಡ ಉಮ್ಮಾ" ಎಂದ.

ಅವರು ಇಂದಿಗೂ ಕೂತಿಲ್ಲ.